ಬೀಗವಿಲ್ಲದ ಪೆಟ್ಟಿಗೆಗಳ ಬೆಟ್ಟ

ಟೋಕಿಯೋ ನಗರದ ಷಿಂಜುಕು ನಿಲ್ದಾಣದಲ್ಲಿ ರೈಲು ಹತ್ತಿದವರು ಒಂದೂವರೆ ಗಂಟೆಯ ಹೊತ್ತಿಗೆ ಹಕೋನೆ ಬೆಟ್ಟಗಳ ಬುಡದಲ್ಲಿರುವ ಯುಮೋಟೋ ಎಂಬ ಊರನ್ನು ಸೇರುತ್ತಾರೆ. ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದ ಊರದು. ಬಂದವರಲ್ಲಿ ಬಹುಮಂದಿ ಬುಗ್ಗೆಯಲ್ಲಿ ಮಿಂದು, ಆಷಿ ಸರೋವರದಲ್ಲಿ ದೋಣಿಯೇರಿ, ಮೋಡಗಳು ಕೃಪೆಮಾಡಿದರೆ ಫ್ಯೂಜಿ ಪರ್ವತದ ದರ್ಶನ ಪಡೆದು ಹಿಂದಿರುಗುತ್ತಾರೆ. ಆದರೆ ಈ ಬೆಟ್ಟಕ್ಕೆ ಬರುವ ಇನ್ನೊಂದು ಬಗೆಯ ಯಾತ್ರಿಕರೂ ಉಂಟು. ಅವರು ಹಳೆಯ ಘಟ್ಟದ ದಾರಿಯ ಬಸ್ಸು ಹಿಡಿದು ಹತಾಜುಕು ಎಂಬ ಸಣ್ಣ ಹಳ್ಳಿಯಲ್ಲಿ ಇಳಿಯುತ್ತಾರೆ. ಅಂಗೈಯಗಲದ ಮರದ ಪೆಟ್ಟಿಗೆಯೊಂದನ್ನು ಕೈಗೆತ್ತಿಕೊಂಡು, ನಾಡಿ ನೋಡುವ ವೈದ್ಯನಂತೆ ಅದರ ಮೈಮೇಲೆ ಬೆರಳಾಡಿಸುತ್ತ ನಿಂತುಬಿಡುತ್ತಾರೆ. ಇವರು ಒಗಟಿನ ಸಂಗ್ರಾಹಕರು.

ನಮ್ಮಲ್ಲಿ ಒಗಟೆಂದರೆ ಅಜ್ಜಿಯ ಬಾಯಿಂದ ಬರುವ ಮಾತಿನ ಒಗಟು. ಇವರದು ಕೈಯಲ್ಲಿ ಹಿಡಿದು ಬಿಡಿಸಬೇಕಾದ ಒಗಟು. ಹತಾಜುಕುವಿನ ಪೆಟ್ಟಿಗೆಗೆ ಬೀಗವಿಲ್ಲ, ಬೀಗದ ಕೈಯಿಲ್ಲ, ಮುಚ್ಚಳವೆಲ್ಲಿದೆಯೆಂಬ ಗುರುತೂ ಇಲ್ಲ. ಆರು ಮುಖಗಳನ್ನೂ ಬಣ್ಣಬಣ್ಣದ ಚಿತ್ತಾರ ಮುಸುಕಿದೆ. ಜಪಾನೀಯರು ಇದನ್ನು ‘ಹಿಮಿತ್ಸು ಬಾಕೋ’ ಎನ್ನುತ್ತಾರೆ. ಗುಟ್ಟಿನ ಪೆಟ್ಟಿಗೆ ಎಂದು ಅರ್ಥ.

ಪೆಟ್ಟಿಗೆಯ ಕಥೆಗೆ ಮೊದಲು ದಾರಿಯ ಕಥೆ. ಎಡೋ ಎಂದು ಹೆಸರಾಗಿದ್ದ ಇಂದಿನ ಟೋಕಿಯೋದಿಂದ ಕ್ಯೋಟೋ ನಗರಕ್ಕೆ ಹೋಗುತ್ತಿದ್ದ ತೋಕೈದೋ ಹೆದ್ದಾರಿ ಈ ಘಟ್ಟವನ್ನೇ ಏರಿ ಇಳಿಯಬೇಕಾಗಿತ್ತು. ಎಡೋವಿನ ನಿಹೊಂಬಾಷಿ ಸೇತುವೆಯಿಂದ ಎಣಿಸಿದರೆ 23ನೆಯ ದೂರಗಲ್ಲಿನ ದಿಬ್ಬ ಹತಾಜುಕುವಿನಲ್ಲಿದೆ. ಒಂದೊಂದು ದಿಬ್ಬಕ್ಕೂ ಸುಮಾರು ನಾಲ್ಕು ಕಿಲೋಮೀಟರಿನ ಅಂತರ. ಮಳೆ ಬಂದರೆ ಮೊಣಕಾಲುದ್ದ ಕೆಸರು. ಮೊದಲು ಬಿದಿರು ಹಾಸಿ ನಡೆದರು. ಅದು ವರ್ಷವರ್ಷವೂ ಕೊಳೆಯುವುದನ್ನು ಕಂಡು 1680ರಲ್ಲಿ ಕಲ್ಲು ಹಾಸಿದರು. ಆ ಕಲ್ಲುಹಾದಿಯ ತುಣುಕುಗಳು ಇಂದಿಗೂ ದೇವದಾರುವನ್ನು ಹೋಲುವ ಎತ್ತರದ ಮರಗಳ ನೆರಳಿನಲ್ಲಿ, ಪಾಚಿಗಟ್ಟಿ, ಕಾಲಿಟ್ಟವರನ್ನು ಜಾರಿಸುತ್ತ ಉಳಿದಿವೆ.

ಘಟ್ಟದ ಮೇಲೆ, ಸರೋವರದ ದಡದಲ್ಲಿ, 1619ರಲ್ಲಿ ತೊಡಗಿದ ಕಾವಲುಕಟ್ಟೆಯೊಂದಿತ್ತು. ಎಡೋ ಕಡೆಗೆ ಬಂದೂಕು ನುಸುಳದಂತೆ, ಎಡೋವಿನಿಂದ ಹೆಂಗಸರು ಹೊರಬೀಳದಂತೆ ಕಾಯುವುದು ಇಂಥ ಕಟ್ಟೆಗಳ ಕೆಲಸ. ಸಾಮಂತರ ಮಡದಿಯರನ್ನು ಪ್ರಭುತ್ವವು ಎಡೋದಲ್ಲಿ ಒತ್ತೆಯಾಗಿ ಇರಿಸಿಕೊಂಡಿತ್ತು. ಅವರು ತಪ್ಪಿಸಿಕೊಂಡರೆಂದರೆ ದಂಗೆ ಹತ್ತಿರವಾಯಿತೆಂದೇ ಎಣಿಕೆ. ದಾಟುವ ಹೆಂಗಸರ ಮುಡಿಯನ್ನೂ ಬಿಡದೆ ತಪಾಸಣೆ ಮಾಡಲು ಹೆಂಗಸರನ್ನೇ ನೇಮಿಸಿದ್ದರಂತೆ! ಎಲ್ಲವನ್ನೂ ತೆರೆದು ತೋರಿಸಬೇಕಾಗಿದ್ದ ಈ ದಾರಿಯಲ್ಲಿ ತೆರೆಯಲಾಗದ ಪೆಟ್ಟಿಗೆ ಹುಟ್ಟಿತೆಂದರೆ, ಕಾವಲಿನವರ ಕಣ್ಣು ತಪ್ಪಿಸಲೆಂದೇ ಹುಟ್ಟಿರಬೇಕೆಂದು ಹೇಳಿಬಿಡುವ ಆಸೆ ಯಾರಿಗಾದರೂ ಆದೀತು. ಕಾಲಗಣನೆ ಅದಕ್ಕೆ ಒಪ್ಪುವುದಿಲ್ಲ. ಕಾವಲುಕಟ್ಟೆ 1869ರಲ್ಲಿ ರದ್ದಾಯಿತು. ಗುಟ್ಟಿನ ಪೆಟ್ಟಿಗೆ ಇಂದಿನ ರೂಪ ಪಡೆದದ್ದು ಅದರ ತರುವಾಯದ ಮೇಜಿ ಯುಗದಲ್ಲಿ. ಕಟ್ಟೆಯನ್ನು ಹಳೆಯ ಮಾದರಿಯಲ್ಲಿ ಮತ್ತೆ ಕಟ್ಟಿ 2007ರಲ್ಲಿ ಪೂರ್ಣವಾಗಿ ತೆರೆದಿದ್ದಾರೆ. ಈಗ ಅಲ್ಲಿ ತಪಾಸಣೆಯಾಗುವುದು ಪ್ರವೇಶದ ಚೀಟಿ ಮಾತ್ರ.

ಪೆಟ್ಟಿಗೆಗಿಂತ ಅದರ ಮೈಮೇಲಿನ ಚಿತ್ತಾರ ಹಳೆಯದು. ‘ಯೋಸೆಗಿ’ ಎಂಬ ಈ ಕೆಲಸವನ್ನು ಎಡೋ ಯುಗದ ಕೊನೆಗಾಲದಲ್ಲಿ ಮೊದಲುಮಾಡಿದವನು ಹತಾಜುಕುವಿನ ಇಷಿಕಾವಾ ನಿಹೇ. ಮೈಸೂರಿನ ಕುಶಲಕರ್ಮಿ ಬೀಟೆಯ ಹಲಗೆಯನ್ನು ತೋಡಿ ಅದರೊಳಗೆ ಬೇರೆ ಬಣ್ಣದ ತುಣುಕುಗಳನ್ನು ಕೂರಿಸುವುದನ್ನು ನಮ್ಮವರು ನೋಡಿದ್ದಾರೆ. ಹಕೋನೆಯವರ ದಾರಿ ಬೇರೆ. ಬೆಳ್ಳಗಿನ ಮರ, ಹಳದಿ ಮರ, ಹಸುರು ಛಾಯೆಯ ಮರ, ಬಹುಕಾಲ ಮಣ್ಣಿನಲ್ಲಿ ಹೂತುಹೋಗಿ ಕಪ್ಪಾದ ಮರ, ಹೀಗೆ ಹುಟ್ಟುಬಣ್ಣದ ಮರಗಳನ್ನೇ ಆರಿಸಿ, ಸಣ್ಣ ಸಣ್ಣ ಕಡ್ಡಿಗಳಾಗಿ ಸೀಳಿ, ಒಂದರ ಪಕ್ಕಕ್ಕೊಂದು ಅಂಟಿಸುತ್ತಾರೆ. ಅಂಥ ಕಟ್ಟುಗಳನ್ನು ಮತ್ತೆ ಕೊಯ್ದು, ಮತ್ತೆ ಜೋಡಿಸಿ, ಕೊನೆಗೆ ಇಟ್ಟಿಗೆಯಂಥ ಒಂದು ದಿಮ್ಮಿ ಮಾಡುತ್ತಾರೆ. ಚಿತ್ತಾರವಿರುವುದು ಅದರ ಮೇಲಲ್ಲ. ಮೈಸೂರುಪಾಕಿನ ಗೂಡುಗಳಂತೆ ಆಳಕ್ಕೂ ಹಬ್ಬಿರುತ್ತದೆ. ಬಡಗಿಯ ದೊಡ್ಡ ಹತ್ತರಿಯಿಂದ ಈ ದಿಮ್ಮಿಯನ್ನು ಒಮ್ಮೆ ಕೀಸಿದರೆ, ಕಾಗದದಷ್ಟು ತೆಳುವಾದ ಮರದ ಹಾಳೆ ಸುರುಳಿಸುತ್ತಿಕೊಂಡು ಮೇಲೇಳುತ್ತದೆ. ಅದರಲ್ಲಿ ಇಡಿಯ ಚಿತ್ತಾರ ಎಳ್ಳಷ್ಟೂ ಕೆಡದೆ ಬಂದಿರುತ್ತದೆ. ಅದನ್ನು ಬಿಸಿಮಾಡಿ ಚಪ್ಪಟೆಗೊಳಿಸಿ ಪೆಟ್ಟಿಗೆಗೆ ಅಂಟಿಸುವುದು. ಕೈ ಒಂದಿಷ್ಟು ನಡುಗಿದರೆ ಹಾಳೆ ಹರಿಯಿತು. ಸರಕಾರವು 1984ರಲ್ಲಿ ಈ ಕೆಲಸವನ್ನು ನಾಡಿನ ಪರಂಪರಾಗತ ಕುಶಲಕಲೆಗಳಲ್ಲೊಂದೆಂದು ಮಾನ್ಯಮಾಡಿತು.

ಅಂದವಾಗಿ ಕಾಣುವ ಈ ಚಿತ್ತಾರಕ್ಕೆ ಇನ್ನೊಂದು ಉಪಯೋಗವುಂಟು. ಅಸಂಖ್ಯಾತ ಗೆರೆಗಳ ನಡುವೆ ಹಲಗೆಯ ಸಂದು ಯಾವುದು, ಬರಿಯ ಗೆರೆ ಯಾವುದು ಎಂದು ಕಣ್ಣಿಗೆ ತಿಳಿಯುವುದೇ ಇಲ್ಲ.

ಒಳಗಿನ ಹೂಟ ಕೇಳಲು ಸುಲಭ. ಪೆಟ್ಟಿಗೆಯ ಒಂದು ಪಕ್ಕದ ಹಲಗೆ ಕೂದಲೆಳೆಗಿಂತ ಸ್ವಲ್ಪ ಹೆಚ್ಚಾಗಿ ಸರಿಯುತ್ತದೆ. ಅದು ಸರಿದಾಗ ಇನ್ನೊಂದು ಹಲಗೆಯನ್ನು ತಡೆದಿದ್ದ ಕೀಲು ಬಿಡುಗಡೆಯಾಗುತ್ತದೆ. ಅದನ್ನು ಸರಿಸಿದರೆ ಮೊದಲನೆಯದು ಇನ್ನಷ್ಟು ಸರಿಯಲು ಎಡೆಯಾಗುತ್ತದೆ. ಹೀಗೆ ಆಚೆಗೊಮ್ಮೆ ಈಚೆಗೊಮ್ಮೆ ಸರಿಸುತ್ತ ಹೋದರೆ ಕೊನೆಗೆ ಮೇಲಿನ ಹಲಗೆ ಪೂರ್ತಿ ಜಾರಿ ಪೆಟ್ಟಿಗೆ ತೆರೆಯುತ್ತದೆ. ಮಕ್ಕಳ ಪೆಟ್ಟಿಗೆಗೆ ನಾಲ್ಕು ಹೆಜ್ಜೆ ಸಾಕು. ಹತ್ತರದು, ಇಪ್ಪತ್ತೊಂದರದು, ಎಪ್ಪತ್ತೆರಡರದು ಉಂಟು. ನೂರನ್ನು ದಾಟಿದವೂ ಉಂಟು. ಮುಚ್ಚುವಾಗ ಅದೇ ಹೆಜ್ಜೆಗಳನ್ನು ಹಿಂದುಮುಂದಾಗಿ ನಡೆಯಬೇಕು. ಕೊಂಡವರಿಗೆ ಕ್ರಮವನ್ನು ಬರೆದ ಕಾಗದವೂ ದೊರೆಯುತ್ತದೆ. ಆ ಕಾಗದವನ್ನು ಜೋಪಾನವಾಗಿ ಪೆಟ್ಟಿಗೆಯೊಳಗೇ ಇಟ್ಟು ಮುಚ್ಚಿ, ಬಳಿಕ ತಲೆಯ ಮೇಲೆ ಕೈಹೊತ್ತು ಕೂತವರೂ ಇಲ್ಲದಿರಲಾರರು.

ಸಂಗ್ರಾಹಕರ ಲೋಕ ದೊಡ್ಡದು. ಅಮೆರಿಕದ ಜೆರ್ರಿ ಸ್ಲೋಕಮ್ 1978ರಲ್ಲಿ ತಮ್ಮ ಮನೆಯಲ್ಲಿ ಕೆಲವು ಗೆಳೆಯರನ್ನು ಸೇರಿಸಿದ್ದು ಬೆಳೆದು, ದೇಶದಿಂದ ದೇಶಕ್ಕೆ ಸರದಿಯ ಮೇಲೆ ಹೋಗುವ ವಾರ್ಷಿಕ ಮೇಳವಾಯಿತು. ಅವರು 2006ರಲ್ಲಿ ಇಂಡಿಯಾನ ವಿಶ್ವವಿದ್ಯಾನಿಲಯದ ಲಿಲ್ಲಿ ಗ್ರಂಥಾಲಯಕ್ಕೆ ಕೊಟ್ಟ ಒಗಟುಗಳ ಸಂಖ್ಯೆ 30,000ಕ್ಕೂ ಮಿಗಿಲು. ಪುಸ್ತಕಗಳ ಮನೆಯಲ್ಲಿ ಒಗಟುಗಳಿಗೆ ಜಾಗ ದೊರೆತದ್ದು ಸಣ್ಣ ಗೌರವವಲ್ಲ. ಈ ಬಳಗದಲ್ಲಿ ಬರೆಯದ ಎರಡು ಕಟ್ಟಳೆಗಳುಂಟು: ಬಲಪ್ರಯೋಗ ಕೂಡದು, ಕೇಳದವನಿಗೆ ಗುಟ್ಟು ಹೇಳಕೂಡದು. ಎರಡನೆಯದನ್ನು ಪಾಲಿಸುವುದೇ ಹೆಚ್ಚು ಕಷ್ಟ.

ಹಕೋನೆಯ ಕೆಲಸಗಾರರ ಸಂಕಟ ಬೇರೆ. ಅಜ್ಜನ ಕಾಲದ ಪೆಟ್ಟಿಗೆಯನ್ನೇ ಅಚ್ಚು ಹಾಕಿದಂತೆ ಮಾಡುತ್ತಿದ್ದರೆ ಕೊಳ್ಳುವವನಿಗೂ ಬೇಸರ, ಕಲಿಯುವ ಹುಡುಗನಿಗೂ ಬೇಸರ. ಈ ತೊಡಕನ್ನು ಬಿಡಿಸಲು ಹೊರಟವರಲ್ಲಿ ಅಕಿಯೋ ಕಮೇಯಿ ಮುಖ್ಯರು. ಹಲಗೆ ಸರಿಸುವುದೊಂದೇ ಏಕೆ, ಓರೆಮಾಡಿದರೆ, ತಿರುಗಿಸಿದರೆ ತೆರೆಯುವ ಪೆಟ್ಟಿಗೆ ಏಕಿರಬಾರದೆಂದು ಕೇಳಿದವರು ಅವರು. 1999ರಲ್ಲಿ ಅವರ ಮುಂದಾಳುತನದಲ್ಲಿ ಕರಕುರಿ ಎಂಬ ಕುಶಲಕರ್ಮಿಗಳ ಕೂಟ ನಿಂತಿತು. ಕೂಟದ ಚಂದಾದಾರರು ತಮಗೆ ಬೇಕಾದ ಕಲಾವಿದನನ್ನು ಆರಿಸಿಕೊಂಡು ಮೊದಲೇ ಹಣ ಕಟ್ಟುವ ಏರ್ಪಾಡು ಮಾಡಿದರು. ಕ್ರಿಸ್‌ಮಸ್ಸಿಗೆ ಏನು ಬರುವುದೆಂದು ಅಂಚೆಯ ಕಟ್ಟು ಬಿಚ್ಚುವವರೆಗೆ ಅವರಿಗೆ ತಿಳಿಯದು. ಎಲ್ಲಿಯೋ ದೂರದಲ್ಲಿರುವ ಒಬ್ಬನ ನಂಬಿಕೆಯ ಮೇಲೆ ಹಕೋನೆಯ ಒಬ್ಬನ ವರ್ಷದ ಅನ್ನ ನಿಂತಿದೆಯೆಂದರೆ, ಈ ವ್ಯಾಪಾರವನ್ನು ಬರಿಯ ಆಟವೆನ್ನಲು ಮನಸ್ಸಾಗದು.

ಮರಕ್ಕೆ ಹವೆಯ ಹಂಗು. ಬೆಟ್ಟದ ತೇವದಲ್ಲಿ ಬೆಣ್ಣೆಯಂತೆ ಜಾರುತ್ತಿದ್ದ ಹಲಗೆ, ಒಣಹವೆಯ ನಾಡಿಗೆ ಹೋದಾಗ ಮುನಿಸಿಕೊಂಡು ಕೂರುವುದುಂಟು. ಅನುಭವಿಯಾದ ಸಂಗ್ರಾಹಕ ಆಗ ಅದನ್ನು ಕಪಾಟಿನಲ್ಲಿಟ್ಟು ಮಳೆಗಾಲಕ್ಕೆ ಕಾಯುತ್ತಾನೆ. ಕಾಯಲಾರದವನ ಕೈಯಲ್ಲಿ ಒಳಗಿನ ಕೀಲು ಮುರಿಯುತ್ತದೆ. ಮುರಿದ ಕೀಲನ್ನು ಕೂರಿಸಬಲ್ಲ ಕೈಗಳು ಬಹಳವಿಲ್ಲ.

ಎರಡನೆಯ ಮಹಾಯುದ್ಧದ ತರುವಾಯ ಜಪಾನಿನಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಸೈನಿಕರು ಇಂಥ ಪೆಟ್ಟಿಗೆಗಳನ್ನು ನೆನಪಿನ ಕಾಣಿಕೆಯಾಗಿ ಊರಿಗೆ ಒಯ್ದರು. ಕಾಗದಗಳು ಕಳೆದುಹೋದವು, ಗುಟ್ಟು ಬಲ್ಲವರು ತೀರಿಕೊಂಡರು. ಈಗ ಅಟ್ಟ ಗುಡಿಸುವಾಗ ಅಂಥದೊಂದು ಮೊಮ್ಮಗಳ ಕೈಗೆ ಸಿಗುತ್ತದೆ. ಸುತ್ತಿಗೆಯ ಒಂದೇ ಪೆಟ್ಟಿಗೆ ಒಡೆಯಬಹುದಾದ ವಸ್ತು. ಅವಳು ಅದನ್ನು ಅಲುಗಿಸುತ್ತಾಳೆ. ಒಳಗೆ ಏನೋ ಸದ್ದಾಗುತ್ತದೆ. ಅಲ್ಲಿಯೇ ಧೂಳಿನ ನಡುವೆ ಕುಳಿತು, ಹೆಬ್ಬೆರಳಿನಿಂದ ಒಂದೊಂದೇ ಅಂಚನ್ನು ಮೆಲ್ಲಗೆ ಒತ್ತಿ ನೋಡತೊಡಗುತ್ತಾಳೆ.