ಬಾಟಿಕ್ ಬಟ್ಟೆಯಿಂದ ಎದ್ದ ಊರು

ಚೆನ್ನೈಯಿಂದ ಮಹಾಬಲಿಪುರಕ್ಕೆ ಹೋಗುವ ಕಡಲ ದಾರಿಯಲ್ಲಿ, ತಿರುವಾನ್ಮಿಯೂರನ್ನು ದಾಟಿ ಸ್ವಲ್ಪ ದೂರ ಸಾಗಿದರೆ ಇಂಜಂಬಾಕ್ಕಂ ಸಿಗುತ್ತದೆ. ಅಲ್ಲಿ ರಸ್ತೆಯ ಎಡಕ್ಕೆ, ಸಮುದ್ರದ ಕಡೆಗೆ, ಚೋಳಮಂಡಲ ಕಲಾವಿದರ ಗ್ರಾಮವಿದೆ. ಕಲ್ಲಿನ ರಥಗಳನ್ನು ನೋಡುವ ಅವಸರದಲ್ಲಿ ನಮ್ಮವರು ಇದನ್ನು ಹಾಯ್ದು ಹೋಗುವುದೇ ಹೆಚ್ಚು. ನಾವು ಮೂರು ಮನೆಯವರು ಮಾತ್ರ, ಬುತ್ತಿ ಕಟ್ಟಿಕೊಂಡು, ಇಲ್ಲಿಗೆಂದೇ ಹೊರಟೆವು.

ಇದಕ್ಕೊಂದು ಕಾರಣವಿತ್ತು. ನಮ್ಮ ಜೊತೆಗಿದ್ದ ಬ್ಯಾಂಕಿನ ರಾಯರ ಎರಡನೆಯ ಮಗ ಕಲಾ ಕಾಲೇಜು ಸೇರುತ್ತೇನೆಂದು ಹಟ ಹಿಡಿದು ಎರಡು ತಿಂಗಳಾಗಿತ್ತು. ರಾಯರದು ಒಂದೇ ಪ್ರಶ್ನೆ: "ಹೊಟ್ಟೆಗೇನು ಮಾಡ್ತೀಯಪ್ಪಾ?" ಉತ್ತರ ಯಾರ ಹತ್ತಿರವೂ ಇರಲಿಲ್ಲ.

ಒಳಗೆ ಕಾಲಿಟ್ಟೊಡನೆ ಗದ್ದಲವೆಲ್ಲ ಹಿಂದೆ ಉಳಿಯಿತು. ಮರಗಳ ನೆರಳು, ನೆರಳಲ್ಲಿ ಕಲ್ಲಿನ, ಲೋಹದ ಶಿಲ್ಪಗಳು. ಶಿಲ್ಪ ಯಾವುದು, ಬರಿಯ ಬಂಡೆ ಯಾವುದು ಎಂದು ಮಕ್ಕಳು ವಾದಕ್ಕಿಳಿದರು. ದೊಡ್ಡವರೂ ಖಚಿತವಾಗಿ ಹೇಳಲಾರದೆ ಸುಮ್ಮನೆ ಮುಂದೆ ನಡೆದೆವು.

ರಾಯರ ಪ್ರಶ್ನೆಯೇ ಈ ಊರನ್ನು ಹುಟ್ಟಿಸಿದ್ದು ಎಂದರೆ ತಪ್ಪಲ್ಲ. ಮದ್ರಾಸಿನ ಸರ್ಕಾರಿ ಕಲಾಶಾಲೆ 1850ರಷ್ಟು ಹಳೆಯದು. 1957ರಿಂದ 1967ರವರೆಗೆ ಕೆ.ಸಿ.ಎಸ್. ಪಣಿಕ್ಕರ್ ಅದರ ಪ್ರಾಂಶುಪಾಲರು. ಕೈಯಲ್ಲಿ ಕಸುಬಿದ್ದ ಹುಡುಗರು ವರ್ಷ ವರ್ಷವೂ ಕಲಿತು ಹೊರಬೀಳುವರು. ಹೊಟ್ಟೆಪಾಡಿಗೆ ಯಾವುದೋ ನೌಕರಿ ಹಿಡಿಯುವರು. ಕುಂಚ ಮೂಲೆ ಸೇರುವುದು. ಚಿತ್ರ ಕೊಳ್ಳುವವರು ಆಗ ಮದ್ರಾಸಿನಲ್ಲಿ ವಿರಳ. ಚಿತ್ರ ಹೋಗದಿದ್ದರೆ ಕೈಕೆಲಸ ಮಾರೋಣ, ಆ ದುಡ್ಡಿನಲ್ಲಿ ಬದುಕಿ ಉಳಿದ ಹೊತ್ತು ಚಿತ್ರ ಬರೆಯೋಣ ಎಂಬುದು ಗುರುಶಿಷ್ಯರು ಕಂಡುಕೊಂಡ ಉಪಾಯ. ಆ ಕೈಕೆಲಸಗಳಲ್ಲಿ ಮುಖ್ಯವಾದದ್ದು ಬಾಟಿಕ್.

ಬಾಟಿಕ್ ಒಂಟಿ ಕೈಗೆ ಒಗ್ಗುವ ಕೆಲಸವಲ್ಲ. ಮೇಣವನ್ನು ಕರಗಿಸಿ, ಬಿಸಿ ಆರುವ ಮೊದಲೇ ಕುಂಚದಿಂದ ಬಟ್ಟೆಯ ಮೇಲೆ ಚಿತ್ತಾರ ಬರೆಯಬೇಕು. ಮೇಣ ಹತ್ತಿದ ಜಾಗಕ್ಕೆ ಬಣ್ಣ ಹಿಡಿಯದು. ಮೊದಲು ತಿಳಿಬಣ್ಣ, ಒಣಗಿದ ಮೇಲೆ ಮತ್ತೆ ಮೇಣ, ಮತ್ತೆ ಗಾಢ ಬಣ್ಣ. ಬಣ್ಣದ ನೀರು ತಣ್ಣಗಿರಬೇಕು, ಇಲ್ಲವಾದರೆ ಮೇಣ ಕರಗಿ ಮಾಡಿದ್ದೆಲ್ಲ ಹಾಳು. ಗಟ್ಟಿಯಾದ ಮೇಣ ಅಲ್ಲಲ್ಲಿ ಬಿರಿದು, ಬಿರುಕಿನೊಳಗೆ ಬಣ್ಣ ಇಳಿದು, ಜೇಡರ ಬಲೆಯಂಥ ಗೆರೆಗಳು ಮೂಡುತ್ತವೆ. ಅವು ಯಾರೂ ಬರೆದ ಗೆರೆಗಳಲ್ಲ. ಕೊನೆಗೆ ಬಟ್ಟೆಯನ್ನು ಕುದಿಸಿ ಮೇಣ ಬಿಡಿಸಬೇಕು. ಒಬ್ಬ ಒಲೆ ನೋಡಿಕೊಂಡರೆ ಒಬ್ಬ ಬರೆಯಬೇಕು, ಇಬ್ಬರು ಅದ್ದಬೇಕು, ಮತ್ತಿಬ್ಬರು ಹಿಡಿದು ಒಣಹಾಕಬೇಕು.

ಇಂಥ ಬಟ್ಟೆಗಳನ್ನು ಮಾರಿ ಕೂಡಿಸಿದ ಹಣದಿಂದಲೇ 1966ರಲ್ಲಿ ಈ ಮರಳು ನೆಲವನ್ನು ಕೊಂಡರು. ಹುಲ್ಲಿನ ಗುಡಿಸಲುಗಳೆದ್ದವು, ಸಂಸಾರಗಳು ಬಂದವು. ಈಗಿನ ಸಂಗ್ರಹಾಲಯದಲ್ಲಿ ಒಂದೊಂದು ಚಿತ್ರದ ಕೆಳಗೂ ಹೆಸರಿದೆ. ನೆಲ ಕೊಡಿಸಿದ ಬಟ್ಟೆಗಳು ಮಾತ್ರ ಯಾರ ಮನೆಯ ಪರದೆಯಾಗಿ, ಯಾರ ಮೈಮೇಲಿನ ಸೀರೆಯಾಗಿ ಸವೆದುಹೋದವೋ! ನಮಗೇಕೋ ಅವೇ ಇಲ್ಲಿಯ ದೊಡ್ಡ ಕೃತಿಗಳೆನಿಸಿತು. ಜೊತೆಗಿದ್ದ ಅತ್ತೆಯವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. "ಬಾಗಿಲ ಮುಂದೆ ಒಬ್ಬಳು ಚುಕ್ಕಿ ಇಟ್ಟರೆ ಇನ್ನೊಬ್ಬಳು ಗೆರೆ ಎಳೀತಾಳೆ. ರಂಗೋಲಿ ಕೆಳಗೆ ಹೆಸರು ಬರೀತೀವೇನು?" ಎಂದರು.

ಒಟ್ಟಿಗೆ ದುಡಿದರೂ ಯಾರೂ ಇನ್ನೊಬ್ಬರ ನೆರಳಾಗಲಿಲ್ಲ ಎಂಬುದು ಇಲ್ಲಿಯ ಹೆಚ್ಚುಗಾರಿಕೆ. ಪಣಿಕ್ಕರ್ ಕ್ಯಾನ್ವಾಸಿನ ಮೇಲೆ ಅಕ್ಷರ, ಸಂಕೇತಗಳನ್ನು ತುಂಬಿದರು. ಮಗ ನಂದಗೋಪಾಲ್ ತಾಮ್ರ, ಹಿತ್ತಾಳೆಗಳನ್ನು ಬೆಸೆದು ಶಿಲ್ಪ ಮಾಡಿದರು. ನಮ್ಮವರೇ ಆದ, 1941ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಎಸ್.ಜಿ. ವಾಸುದೇವ್ ಪಣಿಕ್ಕರರ ಶಿಷ್ಯರಾಗಿ ಬಂದು, ಊರು ಕಟ್ಟಿದವರಲ್ಲಿ ಒಬ್ಬರಾದರು. ಅವರ ಪತ್ನಿ ಅರ್ನವಾಜ್ ಕೂಡ ಇಲ್ಲಿಯ ಕಲಾವಿದೆ. 1970ರ 'ಸಂಸ್ಕಾರ' ಚಿತ್ರಕ್ಕೆ ಕಲಾ ನಿರ್ದೇಶನ ಮಾಡಿದವರು ಇದೇ ವಾಸುದೇವ್ ಎಂದಾಗ ನಮ್ಮ ಹಿರಿಯರ ಮುಖ ಅರಳಿತು. ಅರ್ನವಾಜ್ 1988ರಲ್ಲಿ ತೀರಿಕೊಂಡರು. ವಾಸುದೇವ್ ಬೆಂಗಳೂರು ಸೇರಿ, ಮುಂದೆ ನೇಕಾರರೊಬ್ಬರ ಜೊತೆಗೂಡಿ ತಮ್ಮ ಚಿತ್ರಗಳನ್ನು ರೇಷ್ಮೆಯಲ್ಲಿ ನೇಯಿಸಿದರು. ಕೂಡಿ ಮಾಡುವ ಪಾಠ ಅಲ್ಲಿಗೂ ಹೋಯಿತೆನ್ನಬೇಕು.

ಪಣಿಕ್ಕರ್ 1977ರಲ್ಲೂ ನಂದಗೋಪಾಲ್ 2017ರಲ್ಲೂ ಗತಿಸಿದರು. ಕಟ್ಟಿದವರಲ್ಲಿ ಅನೇಕರು ಈಗಿಲ್ಲ. ಗುಡಿಸಲುಗಳ ಕಾಲವೂ ಹೋಯಿತು. ಬಡತನ ಕೂಡಿಸಿದವರನ್ನು ಸ್ಥಿತಿವಂತಿಕೆಯೂ ಹಾಗೆಯೇ ಕೂಡಿಸೀತೇ ಎಂದು ನಾವು ನಮ್ಮಲ್ಲೇ ಮಾತಾಡಿಕೊಂಡೆವು.

ಮಧ್ಯಾಹ್ನ ಕಡಲ ದಂಡೆಗೆ ಹೋಗಿ ಚಿತ್ರಾನ್ನದ ಡಬ್ಬಿ ಬಿಚ್ಚಿದೆವು. ರಾಯರು ಬಹಳ ಹೊತ್ತು ಮಾತಾಡಲಿಲ್ಲ. ಮೊಸರನ್ನ ಮುಗಿಸಿ ಕೈ ತೊಳೆಯುತ್ತಾ ಮಗನ ಕಡೆ ತಿರುಗಿ, "ಅಲ್ಲಯ್ಯಾ, ಆ ಮೇಣ ಎಲ್ಲಿ ಸಿಗುತ್ತೆ? ಪ್ಯಾರಿಸ್ ಕಾರ್ನರಿನಲ್ಲಿ ಕೇಳಿದರೆ ಸಿಕ್ಕೀತೇ?" ಎಂದರು.