ಮುಳ್ಳು ಅರ್ಧಕ್ಕಿತ್ತು, ಟ್ಯಾಂಕು ಬರಿದಾಗಿತ್ತು



ಇಲ್ಲಿನ ಸಣ್ಣ ಊರುಗಳ ಜುಲೈ 4ರ ಮೆರವಣಿಗೆಯನ್ನು ನೋಡಿದವರಿಗೆಲ್ಲ ದುಂಡು ಮೂತಿಯ ಹಳೆಯ ಪಿಕಪ್ ಟ್ರಕ್ಕುಗಳ ಪರಿಚಯವಿರುತ್ತದೆ. 1950ರ ದಶಕದ ಮಧ್ಯಭಾಗದವರೆಗೆ ಅಮೆರಿಕದ ಬಹುತೇಕ ಕಾರು, ಟ್ರಕ್ಕುಗಳು 6 ವೋಲ್ಟಿನ ಬ್ಯಾಟರಿಯಿಂದ ನಡೆಯುತ್ತಿದ್ದವು. ಅನಂತರ 12 ವೋಲ್ಟ್ ರೂಢಿಗೆ ಬಂದಿತು. 6 ವೋಲ್ಟಿನ ಬ್ಯಾಟರಿ, ಬಲ್ಬುಗಳು ಇಂದು ಎಲ್ಲ ಅಂಗಡಿಗಳಲ್ಲೂ ದೊರೆಯುವುದಿಲ್ಲವಾದ್ದರಿಂದ ಅನೇಕರು ಹಳೆಯ ವಾಹನವನ್ನು 12 ವೋಲ್ಟಿಗೆ ಬದಲಾಯಿಸಿಕೊಳ್ಳುತ್ತಾರೆ. ಅಂಥ ಬದಲಾವಣೆಯ ಬಳಿಕ ಸುಳ್ಳು ಹೇಳತೊಡಗಿದ ಒಂದು ಪೆಟ್ರೋಲ್ ಮಾಪಕದ ಕುರಿತು ಈ ಬರಹ. ಆ ಸುಳ್ಳಿನಿಂದ ಒಬ್ಬ ವೃದ್ಧರ ಬುದ್ಧಿಯ ಮೇಲೆಯೇ ಸಂಶಯ ಬಂದಿತ್ತು. ಅವರ ಹಾಗೂ ಅವರ ಮಗನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ನಾನು ತಿಂಗಳಿಗೆರಡು ಶನಿವಾರ ಸ್ವಯಂಸೇವಕಿಯಾಗಿ ದುಡಿಯುವ ಉಚಿತ ಚಿಕಿತ್ಸಾಲಯಕ್ಕೆ ಅವರು ಮಧುಮೇಹದ ತಪಾಸಣೆಗೆಂದು ಬರುತ್ತಾರೆ, ಇನ್ಸುಲಿನ್ ತೆಗೆದುಕೊಳ್ಳುವವರು. ಕಳೆದ ಬೇಸಿಗೆಯಲ್ಲಿ ಮಗನೂ ಜೊತೆಗೆ ಬಂದಿದ್ದರು. ಎರಡು ತಿಂಗಳಲ್ಲಿ ಮೂರು ಬಾರಿ ತಂದೆಯ ಟ್ರಕ್ಕು ಪೆಟ್ರೋಲ್ ಇಲ್ಲದೆ ದಾರಿಯಲ್ಲಿ ನಿಂತಿತ್ತು. ಮೂರನೆಯ ಸಲ ಊಟದ ಹೊತ್ತು ಮೀರಿ, ರಕ್ತದ ಸಕ್ಕರೆ ಇಳಿದು, ಬೆವರುತ್ತ ಕುಳಿತಿದ್ದವರನ್ನು ದಾರಿಹೋಕರೊಬ್ಬರು ಕಂಡು ಮಗನಿಗೆ ಫೋನ್ ಮಾಡಿದ್ದರು. "ಅಪ್ಪನಿಗೆ ಪೆಟ್ರೋಲ್ ಹಾಕಿಸುವುದೂ ಮರೆತುಹೋಗುತ್ತಿದೆ. ಟ್ರಕ್ಕಿನ ಕೀಲಿಕೈಯನ್ನು ಇನ್ನು ನಾನೇ ಇಟ್ಟುಕೊಳ್ಳುತ್ತೇನೆ. ಮರೆವಿನ ಪರೀಕ್ಷೆ ಮಾಡಿ ಡಾಕ್ಟರ್" ಎಂದರು. ತಂದೆ ನೆಲ ನೋಡುತ್ತ ಒಂದೇ ಮಾತು ಹೇಳಿದರು: "ಮುಳ್ಳು ಅರ್ಧಕ್ಕಿತ್ತು."

ಮಗನ ಭಯ ಸಕಾರಣವಾದುದೇ. ಮೂರು ಪದಗಳನ್ನು ಹೇಳಿ ಕೆಲಹೊತ್ತಿನ ಬಳಿಕ ಕೇಳುವುದು, ಗಡಿಯಾರದ ಚಿತ್ರ ಬರೆಸಿ ಹೇಳಿದ ಸಮಯವನ್ನು ತೋರಿಸಲು ಕೇಳುವುದು ಮೊದಲಾದ ಸರಳ ಪರೀಕ್ಷೆಗಳನ್ನು ಮಾಡಿದೆ. ಎಲ್ಲಕ್ಕೂ ಅವರ ಉತ್ತರ ಸರಿಯಾಗಿತ್ತು. ಇನ್ಸುಲಿನ್ ತೆಗೆದುಕೊಂಡ ದಿನಚರಿ ಚಾಚೂ ತಪ್ಪದೆ ಬರೆದಿಟ್ಟಿದ್ದರು. ಇಂಥ ಪರೀಕ್ಷೆಗಳಿಂದಲೇ ಎಲ್ಲವೂ ತೀರ್ಮಾನವಾಗದು, ನಿಜ. ಆದರೆ ರೋಗಿ ತಾನಾಗಿ ಹೇಳಿದ ಒಂದು ಮಾತನ್ನು ಪರೀಕ್ಷಿಸದೆ ಬಿಡುವುದು ವೈದ್ಯಧರ್ಮವಲ್ಲ. ಆ ಮಾತನ್ನು ಪರೀಕ್ಷಿಸಬೇಕಾದರೆ ಟ್ರಕ್ಕಿನ ಬಳಿಗೇ ಹೋಗಬೇಕಿತ್ತು.

ನನ್ನ ತಂದೆ ಅರಸೀಕೆರೆಯಲ್ಲಿ ಕೊಬ್ಬರಿ ಸಾಗಿಸುವ ಲಾರಿ ಇಟ್ಟಿದ್ದವರು. ಅವರ ಡ್ರೈವರುಗಳು ಮಾಪಕವನ್ನು ನಂಬುತ್ತಿರಲಿಲ್ಲ. ಟ್ಯಾಂಕಿನ ಮುಚ್ಚಳ ತೆಗೆದು, ಕೋಲು ಇಳಿಬಿಟ್ಟು, ಎಷ್ಟು ನೆನೆದಿದೆಯೆಂದು ನೋಡುತ್ತಿದ್ದರು. ಆದ್ದರಿಂದ ಮುಂದಿನ ಭಾನುವಾರ, ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಓದುತ್ತಿರುವ ಮಗಳನ್ನೂ ಒಂದು ಮಲ್ಟಿಮೀಟರನ್ನೂ ಜೊತೆಗೆ ಕರೆದೊಯ್ಯಲು ನನಗೇನೂ ಸಂಕೋಚವಾಗಲಿಲ್ಲ.

ಅವರದು 1951ರ ಶೆವ್ರೊಲೆ 3100. ಇದರಲ್ಲಿ ಪೆಟ್ರೋಲ್ ಟ್ಯಾಂಕು ಕ್ಯಾಬಿನ್ನಿನೊಳಗೆ, ಸೀಟಿನ ಹಿಂಬದಿಯಲ್ಲಿದೆ. ಟ್ಯಾಂಕಿನೊಳಗೆ ತೇಲುವ ಬುರುಡೆಯೊಂದಕ್ಕೆ 'ಸೆಂಡರ್' ಎಂಬ ಭಾಗ ಜೋಡಿಸಲ್ಪಟ್ಟಿರುತ್ತದೆ. ಬುರುಡೆ ತಳದಲ್ಲಿದ್ದಾಗ ಸೆಂಡರಿನ ವಿದ್ಯುತ್ ರೋಧ ಹೆಚ್ಚುಕಡಿಮೆ ಸೊನ್ನೆ. ಟ್ಯಾಂಕು ತುಂಬಿದಾಗ ಸುಮಾರು 30 ಓಮ್. ಡ್ಯಾಶ್‌ಬೋರ್ಡಿನ ಮಾಪಕದಲ್ಲಿ ಎರಡು ತಂತಿಸುರುಳಿಗಳಿವೆ: ಒಂದು ಮುಳ್ಳನ್ನು ಖಾಲಿಯ ಕಡೆಗೆ, ಇನ್ನೊಂದು ಭರ್ತಿಯ ಕಡೆಗೆ ಎಳೆಯುತ್ತದೆ. ಸೆಂಡರಿನ ರೋಧ ಹೆಚ್ಚಿದಷ್ಟೂ ಎರಡನೆಯ ಸುರುಳಿಯಲ್ಲಿ ಹರಿಯುವ ವಿದ್ಯುತ್ತು ಹೆಚ್ಚುತ್ತದೆ. ಮುಳ್ಳು ನಿಲ್ಲುವ ಜಾಗವನ್ನು ನಿರ್ಧರಿಸುವುದು ಎರಡು ಸೆಳೆತಗಳ ಅನುಪಾತವೇ ಹೊರತು ಬ್ಯಾಟರಿಯ ವೋಲ್ಟೇಜ್ ಅಲ್ಲ. ಹಾಗಾಗಿ 12 ವೋಲ್ಟ್ ಕೊಟ್ಟರೂ ಈ ಬಗೆಯ ಮಾಪಕ ಸರಿಯಾದ ಮಟ್ಟವನ್ನೇ ತೋರಿಸುತ್ತದೆ. ಆದರೆ ವೋಲ್ಟೇಜ್ ಇಮ್ಮಡಿಯಾದರೆ ಸುರುಳಿಯಲ್ಲಿ ಹುಟ್ಟುವ ಶಾಖ ನಾಲ್ಮಡಿಯಾಗುತ್ತದೆ. ಸುರುಳಿ ಸುಡದಿರಲೆಂದು ಬದಲಾಯಿಸುವವರು ಒಂದು ರೆಸಿಸ್ಟರ್ ಸೇರಿಸುತ್ತಾರೆ.

ಟ್ಯಾಂಕಿನಲ್ಲಿ ಪೆಟ್ರೋಲ್ ಇರಲೇ ಇಲ್ಲವೆನ್ನುವಷ್ಟು ಕಡಿಮೆಯಿತ್ತು. ಕೀಲಿಕೈ ತಿರುಗಿಸಿದೊಡನೆ ಮುಳ್ಳು ಎದ್ದು ಅರ್ಧಕ್ಕೆ ಬಂದು ನಿಂತಿತು! ಅದನ್ನು ಕಂಡ ಮಗ ಏನೂ ಮಾತಾಡಲಿಲ್ಲ.

ಪರೀಕ್ಷೆಯನ್ನು ಮಾಪಕದ ಬಳಿಯಿಂದ ಆರಂಭಿಸಿದೆವು. ಟ್ಯಾಂಕಿನ ಸಮೀಪ ಕಿಡಿ ಹಾರಬಾರದು; ಪೆಟ್ರೋಲಿನ ಆವಿಗೆ ಅದಿಷ್ಟೇ ಸಾಕು. ಬಾಗಿಲು, ಕಿಟಕಿಗಳನ್ನು ತೆರೆದಿಟ್ಟು, ಸೆಂಡರಿನಿಂದ ಬರುವ ತಂತಿಯನ್ನು ಮಾಪಕದ ಹಿಂಬದಿಯಲ್ಲಿ ಬಿಚ್ಚಿದೆವು. ಮುಳ್ಳು ಭರ್ತಿಯನ್ನೂ ದಾಟಿ ಹೋಯಿತು. ಅದೇ ಜಾಗವನ್ನು ಬೇರೊಂದು ತಂತಿಯಿಂದ ಬಾಡಿಗೆ ಮುಟ್ಟಿಸಿ ಅರ್ಥ್ ಮಾಡಿದೆವು. ಮುಳ್ಳು ಖಾಲಿಗೆ ಇಳಿಯಿತು. ಎಂದರೆ ಮಾಪಕ ನಿರ್ದೋಷಿ. ಬಳಿಕ ಬ್ಯಾಟರಿಯ ಸಂಪರ್ಕ ತೆಗೆದು ರೋಧವನ್ನು ಅಳೆದೆವು. ಸೆಂಡರಿನಲ್ಲಿ ಒಂದು ಓಮ್, ಅದೂ ಸರಿ. ಟ್ಯಾಂಕಿನ ಅರ್ಥ್ ಸಹ ಗಟ್ಟಿಯಾಗಿತ್ತು. ಆದರೆ ಅದೇ ಸೆಂಡರನ್ನು ಡ್ಯಾಶ್‌ಬೋರ್ಡಿನಲ್ಲಿ ಬಿಚ್ಚಿದ ತಂತಿಯ ತುದಿಯಿಂದ ಅಳೆದಾಗ ಹದಿನಾರು ಓಮ್. "ಅಮ್ಮಾ, ಎರಡೂ ತುದಿ ಸರಿಯಿದೆ. ನಡುವೆ ಹದಿನೈದು ಓಮ್ ಎಲ್ಲಿಂದ ಬಂತು?" ಎಂದು ಮಗಳು ಕೇಳಿದಳು.

ನೆಲಹಾಸನ್ನು ಎತ್ತಿ ತಂತಿಯನ್ನು ಹಿಂಬಾಲಿಸಿದಾಗ, ಕಪ್ಪು ಟೇಪು ಸುತ್ತಿದ ಬಿಳಿಯ ಪಿಂಗಾಣಿ ರೆಸಿಸ್ಟರ್ ಸಿಕ್ಕಿತು. 12 ವೋಲ್ಟಿಗೆ ಬದಲಾಯಿಸಿದ ಮೆಕ್ಯಾನಿಕ್, ಬ್ಯಾಟರಿಯಿಂದ ಮಾಪಕಕ್ಕೆ ಬರುವ ತಂತಿಯಲ್ಲಿ ಹಾಕಬೇಕಾದುದನ್ನು ಮಾಪಕದಿಂದ ಟ್ಯಾಂಕಿಗೆ ಹೋಗುವ ತಂತಿಯಲ್ಲಿ ಹಾಕಿದ್ದ. ಸೆಂಡರಿನ ಲೆಕ್ಕಕ್ಕೆ ಆ ಹದಿನೈದು ಓಮ್ ಸದಾ ಸೇರುತ್ತಿದ್ದುದರಿಂದ, ಟ್ಯಾಂಕು ಬರಿದಾದರೂ ಮುಳ್ಳು ಅರ್ಧಕ್ಕಿಂತ ಕೆಳಗೆ ಇಳಿಯುವಂತಿರಲಿಲ್ಲ. ರೆಸಿಸ್ಟರನ್ನು ಅಲ್ಲಿಂದ ತೆಗೆದು, ಮಾಪಕಕ್ಕೆಂದೇ ಸಿಗುವ ವೋಲ್ಟೇಜ್ ಇಳಿಕೆಯ ಭಾಗವನ್ನು ಬ್ಯಾಟರಿಯ ಕಡೆಯ ತಂತಿಗೆ ಜೋಡಿಸಿದೆವು. ಅದು ಬಿಸಿಯಾಗುವುದರಿಂದ ತಗಡಿಗೆ ಬಿಗಿದು ಕೂರಿಸಿದೆವು. ಮುಳ್ಳು ಖಾಲಿಯನ್ನು ತೋರಿಸಿತು. ಡಬ್ಬಿಯಿಂದ ಐದು ಗ್ಯಾಲನ್ ಹೊಯ್ದಾಗ ಅದಕ್ಕೆ ತಕ್ಕಷ್ಟೇ ಏರಿತು.

ಹಳೆಯ ವಾಹನವುಳ್ಳ ಸದಸ್ಯರಿಗೆ ಒಂದು ಸೂಚನೆ. ಎಲ್ಲ ಮಾಪಕಗಳೂ ಈ ಬಗೆಯವಲ್ಲ. ಬಿಸಿಗೆ ಬಾಗುವ ಲೋಹದ ಪಟ್ಟಿಯಿಂದ ಮುಳ್ಳು ಚಲಿಸುವ ಮಾಪಕಗಳೂ ಇವೆ. ಅವುಗಳಲ್ಲಿ ವೋಲ್ಟೇಜ್ ಬದಲಾದರೆ ತೋರಿಕೆಯೂ ಬದಲಾಗಬಹುದು. ನಿಮ್ಮದು ಯಾವುದೆಂದು ತಿಳಿದ ಮೇಲೆಯೇ ಕೈಹಾಕಿ.

ಕೀಲಿಕೈ ತಂದೆಯ ಬಳಿಯೇ ಉಳಿಯಿತು. ಮರೆವಿನ ಪರೀಕ್ಷೆಯನ್ನು ಆರು ತಿಂಗಳ ಬಳಿಕ ಮತ್ತೊಮ್ಮೆ ಮಾಡುವುದೆಂದೂ, ಟ್ರಕ್ಕಿನಲ್ಲಿ ಸದಾ ಗ್ಲೂಕೋಸ್ ಮಾತ್ರೆ ಇರಬೇಕೆಂದೂ ಮೂವರೂ ಒಪ್ಪಿದೆವು. ಹೊರಡುವ ಮುನ್ನ ಮಗ ತಂದೆಯ ಭುಜ ಮುಟ್ಟಿ ಕ್ಷಮೆ ಕೇಳಿದರು. ತಂದೆ, "ನೀನು ಹೇಳಿ ಹೇಳಿ, ನನಗೂ ಮರೆವೇ ಇರಬೇಕೆಂದು ಅನಿಸತೊಡಗಿತ್ತು" ಎಂದರು. ನನ್ನನ್ನು ಬಹುವಾಗಿ ಕಲಕಿದ್ದು ಆ ಮಾತು.

ಈ ಬರಹಕ್ಕೆ ಕಾರಣವೂ ಅದೇ. ನಮ್ಮಲ್ಲಿ ಹೆಚ್ಚಿನವರ ತಂದೆತಾಯಂದಿರು ಕರ್ನಾಟಕದಲ್ಲಿದ್ದಾರೆ. ಅವರ ಸ್ಥಿತಿ ನಮಗೆ ತಿಳಿಯುವುದು ಫೋನಿನ ಮೂಲಕ, ಅವರು ಓದಿ ಹೇಳುವ ಅಂಕಿಗಳ ಮೂಲಕ. ಬಿ.ಪಿ. ಹೆಚ್ಚಿದೆಯೆಂದು ಗಾಬರಿಯಾಗುವ ಮೊದಲು, ತೋಳಿಗೆ ಸುತ್ತುವ ಪಟ್ಟಿ ಅವರ ತೋಳಿಗೆ ಸಾಕಷ್ಟು ದೊಡ್ಡದಿದೆಯೇ ಎಂದು ಕೇಳಿ. ಪಟ್ಟಿ ಚಿಕ್ಕದಾದರೆ ಒತ್ತಡ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಅಮ್ಮ ಹೇಳಿದ್ದನ್ನೇ ಮತ್ತೆ ಕೇಳುತ್ತಿದ್ದರೆ, ಮರೆವೆನ್ನುವ ಮೊದಲು ಕಿವಿಯ ತಪಾಸಣೆ ಮಾಡಿಸಿ. ಮಾತ್ರೆ ತಪ್ಪುತ್ತಿದ್ದರೆ ಕನ್ನಡಕ ಸರಿಯಿದೆಯೇ, ಎರಡು ಮಾತ್ರೆಗಳ ಪಟ್ಟಿ ಒಂದೇ ಬಣ್ಣದಲ್ಲಿದೆಯೇ ಎಂದು ಯಾರಾದರೂ ಎದುರಿಗೆ ನಿಂತು ನೋಡಲಿ. ಇಷ್ಟರ ನಂತರವೂ ಸಂಶಯ ಉಳಿದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಮರೆವಿನ ರೋಗವೂ ಇದೆ, ಅದನ್ನು ಬೇಗ ಗುರುತಿಸುವುದರಿಂದ ಪ್ರಯೋಜನವೂ ಇದೆ. ಮುಂದಿನ ಸಲ ಊರಿಗೆ ಹೋದಾಗ ಈ ನಾಲ್ಕು ವಸ್ತುಗಳನ್ನು ನೀವೇ ಕೈಯಲ್ಲಿ ಹಿಡಿದು ನೋಡಿ: ಬಿ.ಪಿ. ಯಂತ್ರದ ಪಟ್ಟಿ, ಸಕ್ಕರೆ ಅಳೆಯುವ ಕಡ್ಡಿಗಳ ಅವಧಿ ಮುಗಿಯುವ ದಿನಾಂಕ, ಕನ್ನಡಕ, ಮಾತ್ರೆಯ ಡಬ್ಬಿ.