ಕೈ ಸೋತಿತ್ತೋ, ವೈರ್ ಸೋತಿತ್ತೋ

ಹೋದ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಒಂದು ತೀರ್ಮಾನ ಆಗಿಹೋಯಿತು. ಅಪ್ಪ ಇನ್ನು ಚೇತಕ್ ಓಡಿಸಬಾರದು. ಶಿಡ್ಲಘಟ್ಟದ ಮಾರ್ಕೆಟ್‌ಗೆ ಗೂಡು ಹಾಕಿಕೊಂಡು ಹೋಗುವಾಗ ಎರಡು ಸಲ, ಅದೂ ತಿರುವಿನಲ್ಲಿ, ಸೆಕೆಂಡ್ ಗೇರ್ ಬಿಟ್ಟುಕೊಂಡು ಗಾಡಿ ನ್ಯೂಟ್ರಲ್‌ಗೆ ಬಂದಿತ್ತು. ಎರಡನೇ ಸಲ ಹಿಂದೆಯೇ ಹಾಲಿನ ಟೆಂಪೊ ಇತ್ತು. ಅದರ ಡ್ರೈವರ್ ಸಮಯಕ್ಕೆ ಬ್ರೇಕ್ ಹಾಕಿದ್ದರಿಂದ ಅಪ್ಪ ಉಳಿದರು. ಅವರು ಮನೆ ತಲುಪುವ ಮೊದಲೇ ಸುದ್ದಿ ತಲುಪಿತ್ತು.

"ವಯಸ್ಸಾಯ್ತು, ಎಡಗೈಲಿ ಬಲ ಇಲ್ಲ ಇವರಿಗೆ" ಅಂದರು ಅಮ್ಮ. ನಾವು ಅಣ್ಣ ತಮ್ಮ ಇಬ್ಬರೂ ಹೂಂಗುಟ್ಟಿದೆವು. ಅಪ್ಪ ಏನೂ ಮಾತಾಡದೆ ಕೀ ತಂದು ದೇವರ ಫೋಟೊ ಹಿಂದೆ ಇಟ್ಟರು. ಮಾರನೇ ಬೆಳಿಗ್ಗೆ ಕ್ಯಾನ್ ಹಿಡಿದು ಡೇರಿಗೆ ನಡೆದುಕೊಂಡೇ ಹೋದರು. ವಾರವಾದರೂ ಸ್ಕೂಟರ್ ಮಾತೆತ್ತಲಿಲ್ಲ. ನಮಗೆ ಹಿಂಸೆಯಾಗಿದ್ದು ಅದೇ.

ಇಲ್ಲಿ ನಮ್ಮ ಕಸುಬಿನ ವಿಷಯ ಸ್ವಲ್ಪ ಹೇಳಬೇಕು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಕಡೆಯ ಅಪಘಾತದ ಸುದ್ದಿಗಳನ್ನು ನಾವು ಎಷ್ಟು ಬರೆದಿದ್ದೇವೋ ಲೆಕ್ಕವಿಲ್ಲ. ಅರ್ಧಕ್ಕರ್ಧ ಸುದ್ದಿಯಲ್ಲಿ ಒಂದೇ ಮಾತು ಇರುತ್ತದೆ: "ಚಾಲಕನ ನಿಯಂತ್ರಣ ತಪ್ಪಿ". ಗಾಡಿಯೊಳಗೆ ಏನಾದರೂ ತಪ್ಪಿತ್ತಾ ಎಂದು ನಾವು ಕೇಳಿದ್ದು ಕಡಿಮೆ. ಅಪ್ಪನ ವಿಷಯದಲ್ಲೂ ಅದೇ ಮಾತನ್ನು ಮನೆಯೊಳಗೇ ಬರೆದುಬಿಟ್ಟಿದ್ದೆವು.

ಒಂದು ಭಾನುವಾರ ಗಾಡಿಗೆ ಹಿಡಿದಿದ್ದ ಧೂಳು ಒರೆಸುವಾಗ ತಮ್ಮ ಸುಮ್ಮನೆ ಗೇರ್ ತಿರುಗಿಸಿ ನೋಡಿದ. ಮೂವತ್ತು ದಾಟದ ಕೈ ಅವನದು. ಅವನಿಗೂ ಹಿಡಿ ತಿರುಗಲಿಲ್ಲ. ಬಲ ಬಿಟ್ಟು ತಿರುಗಿಸಿದರೆ ಒಮ್ಮೆಲೇ ಜಾರಿ ಎರಡರ ಬದಲು ಮೂರಕ್ಕೆ ಹೋಯಿತು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ಚೇತಕ್ ಓಡಿಸದ ಹುಡುಗರಿಗಾಗಿ ಇಷ್ಟು ಹೇಳುತ್ತೇವೆ. ಇದು ಇಟಲಿಯ ವೆಸ್ಪಾ ಮಾದರಿಯ ಸ್ಕೂಟರ್. ಬಜಾಜ್ ಇದನ್ನು 1972ರಲ್ಲಿ ತಂದಿತು, ರಾಣಾ ಪ್ರತಾಪನ ಕುದುರೆಯ ಹೆಸರಿಟ್ಟಿತು. ಒಂದು ಕಾಲದಲ್ಲಿ ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ನಮ್ಮಪ್ಪ ತಂದಿದ್ದು 1998ರಲ್ಲಿ. ಆಗಿನ್ನೂ ನಮ್ಮದು ಕೋಲಾರ ಜಿಲ್ಲೆ, ಅದಕ್ಕೇ ನಂಬರು ಕೆಎ 07. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗಿದ್ದು 2007ರಲ್ಲಿ.

ಇದರ ಗೇರ್ ಕಾಲಲ್ಲಿ ಇಲ್ಲ, ಎಡಗೈಯಲ್ಲಿದೆ. ಅದೇ ಕೈಯಲ್ಲಿ ಕ್ಲಚ್ ಹಿಡಿದು, ಅದೇ ಕೈಯನ್ನು ತಿರುಗಿಸಬೇಕು. ಹೆಡ್‌ಲೈಟ್ ಬಿಚ್ಚಿದರೆ ಒಳಗೆ ಒಂದು ರಾಟೆ ಕಾಣುತ್ತದೆ. ಅದಕ್ಕೆ ಎರಡು ಗೇರ್ ವೈರ್. ಹಿಡಿ ಒಂದು ಕಡೆ ತಿರುಗಿದರೆ ಒಂದು ವೈರ್ ಎಳೆಯುತ್ತದೆ, ಇನ್ನೊಂದು ಬಿಡುತ್ತದೆ. ಎರಡೂ ಬಾಡಿಯೊಳಗೆ ಹಾದು ಎಂಜಿನ್ ಹತ್ತಿರದ ಗೇರ್ ಸೆಲೆಕ್ಟರ್ ಡಬ್ಬಿಗೆ ಸೇರುತ್ತವೆ. ವೈರ್ ಸಡಿಲವಾದರೆ ಹಿಡಿ ತಿರುಗುತ್ತದೆ, ಗೇರ್ ಪೂರ್ತಿ ಕೂರುವುದಿಲ್ಲ. ಅರ್ಧ ಕೂತ ಗೇರ್ ತಿರುವಿನಲ್ಲೋ ಗುಂಡಿಯಲ್ಲೋ ಬಿಟ್ಟುಕೊಳ್ಳುತ್ತದೆ. ತೀರಾ ಬಿಗಿಯಾದರೆ ಹಿಡಿಯೇ ತಿರುಗದು.

ಆದರೆ ಈ ವೈರ್‌ಗಳನ್ನು ಎಂಟು ತಿಂಗಳ ಹಿಂದೆ ಒಂದು ಗ್ಯಾರೇಜಿನಲ್ಲಿ ಬದಲಾಯಿಸಿದ್ದೆವು, ದುಡ್ಡೂ ಕೊಟ್ಟಿದ್ದೆವು. ಹಾಗಾಗಿ ವೈರ್ ಮೇಲೆ ಅನುಮಾನವೇ ಬಂದಿರಲಿಲ್ಲ. ಶಿಡ್ಲಘಟ್ಟದ ಒಬ್ಬ ಹಳೇ ಮೆಕಾನಿಕ್ ಭಾಯ್ ಹತ್ತಿರ ತಳ್ಳಿಕೊಂಡು ಹೋದೆವು. ಅವರು ಎರಡು ಸಲ ಹಿಡಿ ತಿರುಗಿಸಿ, ಕಿವಿ ಕೊಟ್ಟು ಕೇಳಿದರು.

"ಒಳಗಿನ ವೈರ್ ಹೊಸದು ಹಾಕವ್ರೆ. ಔಟರ್ ಹಳೇದೇ ಬಿಟ್ಟವ್ರೆ. ಒಳಗೆಲ್ಲ ತುಕ್ಕು. ತುಕ್ಕು ಹಿಡಿದ ಪೈಪಲ್ಲಿ ಹೊಸ ಹಗ್ಗ ಎಳೆದ್ರೆ ಏನಾಗುತ್ತೆ ಹೇಳಿ?"

ಔಟರ್ ಸಮೇತ ಸೆಟ್ ಶಿಡ್ಲಘಟ್ಟದಲ್ಲಿ ಸಿಗಲಿಲ್ಲ. ಚಿಂತಾಮಣಿಯ ಹಳೇ ಸ್ಪೇರ್ ಪಾರ್ಟ್ಸ್ ಅಂಗಡಿಯೊಂದರಲ್ಲಿ ಸಿಕ್ಕಿತು. ಕೆಲಸಕ್ಕೆ ಒಬ್ಬರು ಸಾಲದು. ಒಬ್ಬರು ಹ್ಯಾಂಡಲ್ ಹತ್ತಿರ, ಒಬ್ಬರು ಎಂಜಿನ್ ಅಡಿಯಲ್ಲಿ. ಭಾಯ್ ಹೇಳಿದರು, ನಾವು ಅಣ್ಣ ತಮ್ಮ ಮಾಡಿದೆವು.

ಹಳೇ ಔಟರನ್ನು ಸುಮ್ಮನೆ ಎಳೆದು ಬಿಸಾಡಬಾರದು. ಬಾಡಿಯೊಳಗಿನ ದಾರಿ ಕಣ್ಣಿಗೆ ಕಾಣುವುದಿಲ್ಲ. ಹಳೇದರ ತುದಿಗೆ ಹೊಸದನ್ನು ಕಟ್ಟಿ, ಹಳೇದನ್ನು ಎಳೆಯುತ್ತಾ ಹೋದರೆ ಹೊಸದು ಅದೇ ದಾರಿಯಲ್ಲಿ ಬಂದು ಕೂರುತ್ತದೆ. ಆಮೇಲೆ ಒಳಗಿನ ವೈರ್‌ಗೆ ಗ್ರೀಸ್ ಸವರಿ ಮೇಲಿನಿಂದ ಇಳಿಬಿಡಬೇಕು. ವೈರ್‌ನ ಗುಂಡು ತುದಿ ರಾಟೆಯ ಗೂಡಿನಲ್ಲಿ ಸರಿಯಾಗಿ ಕೂತಿದೆಯಾ ನೋಡಬೇಕು.

ಇನ್ನು ಅಡ್ಜಸ್ಟ್‌ಮೆಂಟ್. ಹಿಡಿಯ ಗುರುತು ನ್ಯೂಟ್ರಲ್‌ನಲ್ಲಿರಬೇಕು, ಅಂದರೆ ಒಂದಕ್ಕೂ ಎರಡಕ್ಕೂ ನಡುವೆ. ಕೆಳಗೆ ಗೇರ್ ಬಾಕ್ಸೂ ನ್ಯೂಟ್ರಲ್‌ನಲ್ಲಿರಬೇಕು. ಕ್ಲಚ್ ಹಿಡಿಯದೆ ಹಿಂದಿನ ಚಕ್ರ ಸಲೀಸಾಗಿ ತಿರುಗಿದರೆ ಅದು ನ್ಯೂಟ್ರಲ್. ಮೇಲೆ ಕೆಳಗೆ ಎರಡೂ ಹೊಂದಿದ ಮೇಲೆ ವೈರ್ ತುದಿಗಳನ್ನು ಬಿಗಿಯಬೇಕು. ಉಳಿದ ಸಡಿಲವನ್ನು ಅಡ್ಜಸ್ಟರ್ ಸ್ಕ್ರೂನಲ್ಲಿ ಸ್ವಲ್ಪ ಸ್ವಲ್ಪವೇ ತೆಗೆಯಬೇಕು. ಹಿಡಿಯಲ್ಲಿ ಎರಡೂ ಕಡೆ ಒಂದೇ ಸಮನಾಗಿ ಕೂದಲೆಳೆಯಷ್ಟು ಆಟ ಉಳಿಯಬೇಕು. ಗೇರ್ ಹಾಕಿ ನೋಡುವಾಗ ಒಬ್ಬರು ಹಿಂದಿನ ಚಕ್ರ ಕೈಯಲ್ಲಿ ತಿರುಗಿಸುತ್ತಿರಬೇಕು, ಇಲ್ಲದಿದ್ದರೆ ಗೇರ್ ಕೂರುವುದಿಲ್ಲ.

ನಾವು ಮುಗಿಯಿತು ಅಂದುಕೊಂಡೆವು. ಭಾಯ್ ಹ್ಯಾಂಡಲ್ಲನ್ನು ಪೂರ್ತಿ ಎಡಕ್ಕೆ ತಿರುಗಿಸಿ "ಈಗ ಹಾಕಿ" ಅಂದರು. ಆಮೇಲೆ ಪೂರ್ತಿ ಬಲಕ್ಕೆ. ಬಲಕ್ಕೆ ತಿರುಗಿಸಿದಾಗ ಒಂದು ವೈರ್ ಬಾಗಿ ಬಿಗಿಯಾಗುತ್ತಿತ್ತು. ಔಟರನ್ನು ಸ್ವಲ್ಪ ಸರಿಸಿ ಕೂರಿಸಿದ ಮೇಲೆ ಸರಿಹೋಯಿತು. ಅಪ್ಪನಿಗೆ ಗೇರ್ ಬಿಟ್ಟುಕೊಂಡಿದ್ದು ತಿರುವಿನಲ್ಲಿ. ಸ್ಟ್ಯಾಂಡ್ ಹಾಕಿ ನೇರ ನಿಲ್ಲಿಸಿದ ಗಾಡಿಯಲ್ಲಿ ಆ ದೋಷ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಆ ರಾತ್ರಿ ಮೊಬೈಲ್‌ನಲ್ಲಿ ಇದರ ಬಗ್ಗೆಯೇ ಓದುತ್ತಾ ಕೂತಾಗ ಗೊತ್ತಾಯಿತು, ಕ್ಲಚ್ ಪೆಡಲ್ಲೇ ಇಲ್ಲದ ಹಳೇ ಆಟೊಮ್ಯಾಟಿಕ್ ಕಾರುಗಳಲ್ಲೂ ಇಂಥ ಒಂದು ವೈರ್ ಇದೆ. ಅದರ ಹೆಸರು ಕಿಕ್‌ಡೌನ್ ಕೇಬಲ್. ಅಮೆರಿಕದ ಜನರಲ್ ಮೋಟರ್ಸ್ 1969ರ ಕಾರುಗಳಿಗೆ ತಂದ ಟರ್ಬೊ ಹೈಡ್ರಾಮ್ಯಾಟಿಕ್ 350 ಗೇರ್ ಬಾಕ್ಸಿನಲ್ಲಿ ಅದು ಕಾರ್ಬೊರೇಟರ್‌ನಿಂದ ಗೇರ್ ಬಾಕ್ಸಿಗೆ ಹೋಗುತ್ತದೆ. ನಂದಿ ಬೆಟ್ಟದಂಥ ಏರಿನಲ್ಲಿ ಎಕ್ಸಲೇಟರನ್ನು ತಳಕ್ಕೆ ಒತ್ತಿದರೆ ವೈರ್ ಎಳೆದು ಗೇರ್ ತಾನೇ ಕೆಳಕ್ಕೆ ಇಳಿಯುತ್ತದೆ. ಅದು ಸಡಿಲವಾದರೆ ಒತ್ತಿದಷ್ಟೂ ಎಂಜಿನ್ ಏದುಸಿರು ಬಿಡುತ್ತದೆ, ಗೇರ್ ಇಳಿಯುವುದಿಲ್ಲ. ಮುಂದೆ ಬಂದ ಕೆಲವು ಗೇರ್ ಬಾಕ್ಸುಗಳಲ್ಲಿ ಒಳಗಿನ ಆಯಿಲ್ ಒತ್ತಡವೂ ಇಂಥದೇ ವೈರ್ ಮೇಲೆ ನಿಂತಿದೆ. ಅಲ್ಲಿ ಸಡಿಲ ಬಿಟ್ಟರೆ ಕ್ಲಚ್ ಪ್ಲೇಟುಗಳೇ ಸುಟ್ಟುಹೋಗುತ್ತವೆ. ಆ ವೈರನ್ನೂ ಎಂಜಿನ್ ಆಫ್ ಮಾಡಿ, ಒಬ್ಬರು ಪೆಡಲ್ ಪೂರ್ತಿ ಒತ್ತಿ ಹಿಡಿದು, ಇನ್ನೊಬ್ಬರು ಬಾನೆಟ್ ಕೆಳಗೆ ನೋಡಿ ಅಡ್ಜಸ್ಟ್ ಮಾಡಬೇಕು. ಭಾಯ್ ಹ್ಯಾಂಡಲ್ ತಿರುಗಿಸಿ ನೋಡಿದ್ದೂ ಇದೇ ಲೆಕ್ಕ. ವೈರ್ ಸರಿಯಿದೆಯೋ ಇಲ್ಲವೋ ಎನ್ನುವುದು ಅದು ಎಳೆತಕ್ಕೆ ಬಿದ್ದಾಗಲೇ ಗೊತ್ತಾಗುವುದು.

ಮಾರನೇ ದಿನ ಕೀ ತೆಗೆದು ಅಪ್ಪನ ಕೈಗೆ ಕೊಟ್ಟೆವು. "ಬೇಡ ಬಿಡ್ರಪ್ಪ" ಅಂದರು. ತಮ್ಮ ಬಲವಂತ ಮಾಡಿದ. ಅಭ್ಯಾಸದಂತೆ ಗಾಡಿಯನ್ನು ಒಂದು ಕಡೆ ಓಲಿಸಿ, ಎತ್ತಿ, ಕಿಕ್ ಹೊಡೆದರು. ಬೀದಿ ಕೊನೆಯವರೆಗೂ ಹೋಗಿ ಬಂದರು. ಇಳಿದು, ಎಡ ಮಣಿಕಟ್ಟು ನೀವಿಕೊಳ್ಳುತ್ತಾ ಹೇಳಿದರು: "ಗೇರ್ ಬೆಣ್ಣೆ ಥರ ಬೀಳ್ತದೆ. ಆದ್ರೂ ಕೈಯೂ ಸ್ವಲ್ಪ ಸೋತೈತೆ ಕಣ್ರೋ. ಡೇರಿಗೆ ಸಾಕು. ಗೂಡು ನೀವು ಹಾಕ್ಕೊಂಡು ಹೋಗಿ."

ತಮ್ಮ ಕೈಯ ಬಗ್ಗೆ ತೀರ್ಮಾನ ಮಾಡಬೇಕಾದವರು ಅವರೇ. ವೈರ್ ಸರಿಹೋದ ಮೇಲೆ ಅವರೇ ಮಾಡಿದರು. ನಾವು ತುಕ್ಕು ಹಿಡಿದ ಔಟರ್ ಮಾತು ಕೇಳಿಕೊಂಡು ಮಾಡಿದ್ದೆವು.

2022ರ ಏಪ್ರಿಲ್‌ನಿಂದ ಹದಿನೈದು ವರ್ಷ ದಾಟಿದ ಬೈಕು, ಸ್ಕೂಟರ್‌ಗಳ ಆರ್‌ಸಿ ನವೀಕರಣದ ಶುಲ್ಕ 300ರಿಂದ 1000 ರೂಪಾಯಿಗೆ ಏರಿತು. ಬಹಳ ಮನೆಗಳಲ್ಲಿ ಹಳೇ ಗಾಡಿ ಗುಜರಿಗೆ ಹೋಗಿದೆ. ಬಜಾಜ್ ಕೂಡ 2009ರಲ್ಲಿ ಸ್ಕೂಟರ್ ಬಿಡುವುದಾಗಿ ಹೇಳಿ, 2020ರಲ್ಲಿ ಚೇತಕ್ ಹೆಸರನ್ನು ಕರೆಂಟ್ ಗಾಡಿಗೆ ಇಟ್ಟು ಮತ್ತೆ ತಂದಿತು. ಅದರಲ್ಲಿ ಗೇರ್ ವೈರೇ ಇಲ್ಲ. ಆದರೂ ನಿಮ್ಮ ಮನೆಯಲ್ಲಿ ಹಳೇ ಚೇತಕ್ ಇದ್ದರೆ ಮಳೆಗಾಲಕ್ಕೆ ಮುಂಚೆ ಒಮ್ಮೆ ಹ್ಯಾಂಡಲ್ ಎರಡೂ ಕಡೆ ತಿರುಗಿಸಿ ಗೇರ್ ಹಾಕಿ ನೋಡಿ. ವೈರ್ ಬದಲಾಯಿಸುವಾಗ ಔಟರನ್ನೂ ಬದಲಾಯಿಸಿ ಅಂತ ಬಾಯಿಬಿಟ್ಟು ಹೇಳಿ.

ನಾವೂ ಈಗ ಅಪಘಾತದ ಸುದ್ದಿ ಬರೆಯುವ ಮುಂಚೆ ಸ್ಟೇಷನ್‌ಗೆ ಇನ್ನೊಂದು ಪ್ರಶ್ನೆ ಕೇಳುತ್ತೇವೆ: "ಗಾಡಿ ಹೇಗಿತ್ತು ಸಾರ್?" ಉತ್ತರ ಯಾವಾಗಲೂ ಸಿಗುವುದಿಲ್ಲ. ಸಿಗದ ದಿನ "ಚಾಲಕನ ನಿಯಂತ್ರಣ ತಪ್ಪಿ" ಎನ್ನುವ ಮಾತನ್ನು ಬಿಟ್ಟು ಬರೆಯುತ್ತೇವೆ.